ಸುಣ್ಣದ ನೀರು ಬೆಳ್ಳಗಾಗಲೇ ಇಲ್ಲ

ಸುಣ್ಣದ ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗಬೇಕಿತ್ತು. ಆಗಲಿಲ್ಲ. ಅಷ್ಟಕ್ಕೇ ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವುದೇ ಅನುಮಾನ ಎನ್ನುವಲ್ಲಿಗೆ ಬಂದು ನಿಂತಿತ್ತು ಎಂದರೆ ನಂಬುತ್ತೀರಾ?

ನಾನೂ ನಂಬಿರಲಿಲ್ಲ. ಹದಿನೈದು ದಿನ ಕೆಮಿಸ್ಟ್ರಿಯ ಜೊತೆ ಗುದ್ದಾಡಿದ ಮೇಲೆ ನಂಬಿದ್ದೇನೆ.

ನನ್ನ ಮಗಳು ವನಜ ಈ ಅಂಕಣ ಓದುವ ನಿಮಗೆ ಹೊಸಬಳೇನಲ್ಲ. ನೆಂಟರು ಚಪ್ಪರಿಸಿ ತಿನ್ನುತ್ತಿದ್ದಾಗ “ಅಮ್ಮಾ, ಹುಳಿಗೆ ಉಪ್ಪೇ ಹಾಕಿಲ್ಲ” ಎಂದು ಎಲ್ಲರೆದುರಿಗೆ ಕೂಗಿ ಹೇಳಿದವಳು. (ನೆಂಟರು ಅಲ್ಲಿಯವರೆಗೆ ಬಹಳ ಚೆನ್ನಾಗಿದೆ ಎನ್ನುತ್ತಿದ್ದರು. ಯಾರನ್ನು ನಂಬಬೇಕೋ ನೀವೇ ಹೇಳಿ.) ಕಂಡದ್ದನ್ನು ಕಂಡಹಾಗೆ ಹೇಳುವುದು ಅವಳ ಹುಟ್ಟುಗುಣ. ಅದನ್ನು ಬಿಡಿಸಲು ಸಂಬಂಧಿಕರೆಲ್ಲ ಪ್ರಯತ್ನಿಸಿದ್ದಾರೆ, ಯಾರಿಂದಲೂ ಆಗಿರಲಿಲ್ಲ.

ಜಯನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಅವಳ ಹೈಸ್ಕೂಲು. ಬಡಾವಣೆಯೂ ಹೊಸದು, ಸ್ಕೂಲೂ ಹೊಸದು. ನಮ್ಮ ರಸ್ತೆಗೆ ಇನ್ನೂ ಟಾರು ಬಿದ್ದಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಯಡಿಯೂರಿನ ಎಮ್ಮೆಗಳು ಮೇಯುತ್ತವೆ. ಆದರೆ ಸ್ಕೂಲಿಗೆ ಲ್ಯಾಬೊರೇಟರಿ ಬಂದಿದೆ. ಲ್ಯಾಬೊರೇಟರಿ ಬರುವುದಕ್ಕೂ ಮುಂಚೆ ಅದರ ರೂಲ್ಸು ಬಂದಿವೆ.

ಜೂನ್ ತಿಂಗಳಲ್ಲಿ ವನಜ ಒಂದು ಸೈಕ್ಲೋಸ್ಟೈಲ್ ಹಾಳೆ ತಂದಳು. ‘ರಸಾಯನಶಾಸ್ತ್ರದ ತರಗತಿಯಲ್ಲಿ ಪಾಲಿಸತಕ್ಕ ನಿಯಮಗಳು.’ ಒಟ್ಟು ಹನ್ನೊಂದು. ಕೆಳಗೆ ಪೋಷಕರ ರುಜು ಬೇಕು.

ಹುಡುಗಿಯರು ಜಡೆಯನ್ನು ಎತ್ತಿ ಕಟ್ಟತಕ್ಕದ್ದು, ಹೂ ಮುಡಿದು ಬರತಕ್ಕದ್ದಲ್ಲ. ಸರಿ, ಬೆಂಕಿ ಆಸಿಡ್ಡು ಇರುವ ಜಾಗ, ಒಪ್ಪಿದೆ. ಯಾವ ಉಪಕರಣವನ್ನೂ ವಿದ್ಯಾರ್ಥಿಗಳು ಮುಟ್ಟತಕ್ಕದ್ದಲ್ಲ. (ಮುಟ್ಟುವುದೇ ಇಲ್ಲ ಎಂದಮೇಲೆ ಜಡೆ ಯಾಕೆ ಎತ್ತಿ ಕಟ್ಟಬೇಕು?) ಮೇಜಿನಿಂದ ಮೂರು ಅಡಿ ದೂರ ನಿಲ್ಲತಕ್ಕದ್ದು. ಹೊರಗಿನ ಪದಾರ್ಥಗಳನ್ನು ತರತಕ್ಕದ್ದಲ್ಲ. ಪ್ರಶ್ನೆಗಳನ್ನು ಪ್ರಯೋಗ ಮುಗಿದ ನಂತರವೇ ಕೇಳತಕ್ಕದ್ದು. ಪ್ರಯೋಗ ಮುಗಿಯುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ ಎನ್ನುವುದನ್ನು ಮಾತ್ರ ಬರೆದಿರಲಿಲ್ಲ.

ಕೊನೆಯದು, ಮೇಷ್ಟ್ರ ಸಹಿಯಾಗದ ರೆಕಾರ್ಡ್ ಪುಸ್ತಕದವರ ಅರ್ಜಿಯನ್ನು ಪಬ್ಲಿಕ್ ಪರೀಕ್ಷೆಗೆ ಕಳುಹಿಸತಕ್ಕದ್ದಲ್ಲ.

ನಮ್ಮ ಮಾವನವರು ರಿಟೈರಾದ ಶಿರಸ್ತೇದಾರರು. ಹಾಳೆಯನ್ನು ಎರಡು ಸಲ ಓದಿದರು. “ಡ್ರಾಫ್ಟು ಭೇಷಾಗಿದೆ ಕಣಮ್ಮ. ಎಲ್ಲೂ ಒಂದು ಸಂದು ಬಿಟ್ಟಿಲ್ಲ” ಎಂದು ತಲೆದೂಗಿದರು. ನಮ್ಮ ಯಜಮಾನರು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಿಂತಲ್ಲೇ ರುಜು ಮಾಡಿಕೊಟ್ಟರು.

ನನಗೆ ಸಿಟ್ಟು ಬಂದರೂ ಸುಮ್ಮನಿದ್ದೆ. ಯಾಕೆಂದರೆ ನನಗೆ ಲ್ಯಾಬೊರೇಟರಿಯ ಹೊಸಿಲು ದಾಟುವ ಯೋಗವೇ ಇರಲಿಲ್ಲ. ನಾನು ಸೈನ್ಸ್ ಓದುತ್ತೇನೆ ಎಂದಾಗ ನಮ್ಮಪ್ಪ “ಸಾರಿಗೆ ಒಗ್ಗರಣೆ ಹಾಕೋಕೆ ಸೈನ್ಸ್ ಯಾಕೆ?” ಎಂದು ನಕ್ಕಿದ್ದರು. ಆ ನಗು ಇವತ್ತಿಗೂ ಕಿವಿಯಲ್ಲಿದೆ. ಮಗಳಾದರೂ ಮೂರು ಅಡಿ ದೂರದಿಂದ ನೋಡುತ್ತಾಳಲ್ಲ, ನೋಡಲಿ ಎಂದುಕೊಂಡೆ. ಕಾಲೇಜಿಗೆ ಹೋಗಿ ಮುಟ್ಟುತ್ತಾಳೆ.

ಮುಂದಿನದು ಕೇಳಿ.

ಕಾರ್ಬನ್ ಡೈಆಕ್ಸೈಡಿನ ಪಾಠ ಬಂತು. ಮೇಷ್ಟ್ರು ಅಮೃತಶಿಲೆಯ ಚೂರಿನ ಮೇಲೆ ಆಸಿಡ್ ಸುರಿದರು. ಬುರುಬುರು ಗುಳ್ಳೆ ಎದ್ದವು. ಆ ಅನಿಲವನ್ನು ಕೊಳವೆಯಲ್ಲಿ ಸುಣ್ಣದ ತಿಳಿನೀರಿಗೆ ಬಿಟ್ಟರು. ನೀರು ಬೆಳ್ಳಗಾಗಬೇಕು. ನಲವತ್ತು ಮಕ್ಕಳು ಕತ್ತು ಉದ್ದ ಮಾಡಿ ನೋಡಿದರು. ನೀರು ಇದ್ದ ಹಾಗೇ ಇತ್ತು. ಮೇಷ್ಟ್ರು ಟ್ಯೂಬನ್ನು ಅಲ್ಲಾಡಿಸಿದರು, ಬೆಳಕಿಗೆ ಹಿಡಿದರು. ಆಮೇಲೆ “ಬೆಳ್ಳಗಾಗಿದೆ, ಬರ್ಕೊಳಿ” ಎಂದರು.

ಮೂವತ್ತೊಂಬತ್ತು ಮಕ್ಕಳು ಬರೆದುಕೊಂಡರು. ವನಜ ತನ್ನ ರೆಕಾರ್ಡಿನಲ್ಲಿ ‘ವೀಕ್ಷಣೆ’ ಎನ್ನುವ ಕಾಲಮ್ಮಿನಲ್ಲಿ ಬರೆದಳು: ‘ಸುಣ್ಣದ ತಿಳಿನೀರಿನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಬಾಟಲಿಯ ತಳದಲ್ಲಿ ಬಿಳಿ ಗಸಿ ಇತ್ತು.’

ಕೆಂಪು ಶಾಯಿ ಬಿತ್ತು. ‘ತಪ್ಪು. ಮತ್ತೆ ಮಾಡು.’

ಮತ್ತೆ ಮಾಡು! ಮುಟ್ಟಬಾರದು ಎಂಬ ನಿಯಮವಿರುವ ಕಡೆ ಮತ್ತೆ ಮಾಡುವುದು ಹೇಗೆ? ವನಜ ಹೋಗಿ ಇದನ್ನೇ ಕೇಳಿದಳು. ಮತ್ತೆ ಮಾಡು ಎಂದರೆ ಮತ್ತೆ ಬರೆ ಎಂದು ಅರ್ಥವಂತೆ. ಇವಳು ಮತ್ತೆ ಬರೆದಳು, ಇನ್ನೂ ದುಂಡಾದ ಅಕ್ಷರದಲ್ಲಿ, ಅದೇ ವಾಕ್ಯವನ್ನು. ಮತ್ತೆ ಕೆಂಪು ಶಾಯಿ. ಮೂರನೆಯ ಸಲ ಮೇಷ್ಟ್ರು ಬರೆಯುವ ಗೋಜಿಗೂ ಹೋಗದೆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದು, ತಾಯಿಯನ್ನೋ ತಂದೆಯನ್ನೋ ಕರೆದುಕೊಂಡು ಬಾ ಎಂದರು.

“ನೀನೇ ಹೋಗಿ ಬಾ, ನಂಗೆ ಆಫೀಸಲ್ಲಿ ಆಡಿಟ್ಟು” ಎಂದರು ಯಜಮಾನರು. ನಾನೇ ಹೋದೆ.

ಬೈಯಲೇಬೇಕೆಂದು ಹೋಗಿದ್ದೆ. ಮೇಷ್ಟ್ರನ್ನು ನೋಡಿ ಅರ್ಧ ಉತ್ಸಾಹ ಇಳಿದುಹೋಯಿತು. ತೆಳ್ಳಗಿನ ಮನುಷ್ಯ, ಕೋಟಿನ ತೋಳಿನಲ್ಲಿ ಆಸಿಡ್ಡು ತಿಂದ ತೂತುಗಳು. ಎದ್ದು ನಿಂತು ಕುರ್ಚಿ ಕೊಟ್ಟರು.

“ನೋಡೀಮ್ಮಾ, ಹುಡುಗಿ ಜಾಣೆ. ಹಟ ಮಾತ್ರ ಜಾಸ್ತಿ. ಕಾರ್ಬನ್ ಡೈಆಕ್ಸೈಡು ಸುಣ್ಣದ ನೀರನ್ನ ಬೆಳ್ಳಗೆ ಮಾಡತ್ತೋ ಇಲ್ವೋ?”

“ಮಾಡತ್ತೆ ಅಂತ ಪುಸ್ತಕದಲ್ಲಿದೆ, ಸಾರ್. ಅವತ್ತು ಮಾಡ್ತಾ?”

ಮೇಷ್ಟ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇಲ್ಲ. ಬಾಟ್ಲಿ ಹೋದ ವರ್ಷದ್ದು. ಬಿರಡೆ ಸರಿಯಾಗಿ ಕೂರಲ್ಲ. ಗಾಳಿ ಸೇರಿ ಸುಣ್ಣವೆಲ್ಲ ತಳಕ್ಕೆ ಇಳಿದುಬಿಟ್ಟಿದೆ. ಮೇಲಿರೋದು ಬರೀ ನೀರು.”

“ಅದನ್ನೇ ತಾನೇ ಅವಳು ಬರೆದಿರೋದು?”

“ಬರೆದಿದಾಳಮ್ಮ. ನಾಳೆ ಇನ್‌ಸ್ಪೆಕ್ಟರು ಬಂದು ಅದೇ ಪುಸ್ತಕ ತೆಗೆದು ನೋಡಿದ್ರೆ ಉತ್ತರ ಹೇಳೋನು ಯಾರು? ಪ್ರಯೋಗ ಆಗಲಿಲ್ಲ ಅಂತ ನಾನೇ ಸಹಿ ಹಾಕಿದ ಹಾಗಾಗತ್ತಲ್ಲ?”

“ಹಾಗಾದ್ರೆ ಹೊಸ ನೀರು ಮಾಡಿ ಇನ್ನೊಂದ್ಸಲ ತೋರಿಸಿಬಿಡಿ.”

“ಆ ಪಾಠ ಮುಗೀತಲ್ಲ. ಟೈಮ್‌ಟೇಬಲ್‌ ಪ್ರಕಾರ ಈಗ ಗಂಧಕ ಶುರು ಮಾಡ್ಬೇಕು.”

“ಸುಣ್ಣ ಬೇಕಾದ್ರೆ ನಾನೇ ಕಳಿಸ್ತೀನಿ, ಸಾರ್. ನಮ್ಮ ಮಾವನವರ ಎಲೆ ಅಡಿಕೆ ತಟ್ಟೇಲಿ ಬೇಕಾದಷ್ಟಿದೆ.”

ಮೇಷ್ಟ್ರು ಹೌಹಾರಿದರು. “ಅಯ್ಯೋ, ಹೊರಗಿನ ಪದಾರ್ಥ ತರೋ ಹಾಗಿಲ್ಲಮ್ಮ! ನಿಮ್ಮ ಮನೆಯವರೇ ಓದಿ ರುಜು ಹಾಕಿದಾರಲ್ಲ?”

ಸೋಮವಾರದೊಳಗೆ ರೆಕಾರ್ಡ್ ಸರಿಮಾಡಿ ಕಳಿಸಿ, ಮಂಗಳವಾರ ಅರ್ಜಿಗಳು ಹೋಗುತ್ತವೆ ಎಂದು ಕೈಮುಗಿದು ಕಳಿಸಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ, ಸಿಟ್ಟು ನುಂಗಲೂ ಆಗದೆ ಬಿಸಿಲಿನಲ್ಲಿ ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ನನ್ನ ಹಟವೂ ಕೆರಳಿತು. ಮಾವನವರ ಸುಣ್ಣದ ಡಬ್ಬಿಯಿಂದ ಒಂದಿಷ್ಟು ಸುಣ್ಣ ಎತ್ತಿಕೊಂಡೆ. (“ಏನಮ್ಮಾ, ನೀನೂ ಎಲೆ ಹಾಕೋಕೆ ಶುರು ಮಾಡಿದ್ಯಾ?” ಎಂದರು.) ನೀರಿನಲ್ಲಿ ಕಲಕಿ ಇಟ್ಟು, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಬಗ್ಗಿಸಿದೆ. ಕೊಳವೆಗೆ ಏನು ಮಾಡುವುದು? ಹಿತ್ತಲಲ್ಲಿ ಪರಂಗಿ ಗಿಡವಿದೆ. ಅದರ ಎಲೆಯ ದಂಟು ಒಳಗೆ ಪೊಳ್ಳು. ನಾವು ಬಿಡುವ ಉಸಿರಿನಲ್ಲೂ ಅದೇ ಅನಿಲ ಇದೆ ಎಂದು ಹೇಳಿದವಳು ವನಜ.

ಅವಳೇ ದಂಟನ್ನು ಲೋಟಕ್ಕೆ ಇಳಿಬಿಟ್ಟು ಊದಿದಳು. ಗುಳುಗುಳು ಸದ್ದು. ಮೊದಲು ಏನೂ ಇಲ್ಲ. ಆಮೇಲೆ ಒಂದು ಎಳೆ ಮಂಜು. ನೋಡನೋಡುತ್ತಿದ್ದಂತೆ ಇಡೀ ಲೋಟ ಬೆಳ್ಳಗಾಯಿತು!

“ಅಮ್ಮಾ, ಆಯ್ತು! ನೋಡೇ, ನೋಡೇ, ಆಯ್ತು!” ಎಂದು ಅವಳು ಅಡಿಗೆಮನೆಯಲ್ಲೆಲ್ಲ ಕುಣಿದಳು. ಮಾವನವರೂ ಎದ್ದು ಬಂದು ಇನ್ನೊಂದು ಲೋಟಕ್ಕೆ ತಾವೇ ಊದಿದರು. ಎಪ್ಪತ್ತು ವರ್ಷ ಸುಣ್ಣ ತಿಂದಿದ್ದೇನೆ, ಇದು ಗೊತ್ತೇ ಇರಲಿಲ್ಲವಲ್ಲ ಎಂದು ಬೆರಗಾದರು. ನನಗಂತೂ ಕಣ್ಣಲ್ಲಿ ನೀರು ಬಂತು. ನಮ್ಮಪ್ಪ ಆಗ ಅಲ್ಲಿರಬೇಕಿತ್ತು ಎನ್ನಿಸಿತು.

ಸರಿ, ಗೆದ್ದೆ ಎಂದುಕೊಂಡೆ. “ಬೆಳ್ಳಗಾಗಿದ್ದನ್ನ ಕಣ್ಣಾರೆ ನೋಡಿದ್ಯಲ್ಲ? ಈಗ ರೆಕಾರ್ಡಲ್ಲಿ ಹಾಗೇ ಬರೆದುಬಿಡು, ಪೀಡೆ ಹೋಗಲಿ” ಎಂದೆ.

ವನಜ ನನ್ನನ್ನು ವಿಚಿತ್ರವಾಗಿ ನೋಡಿದಳು. “ಇದು ಮನೇಲಿ ಆಗಿದ್ದಮ್ಮ. ರೆಕಾರ್ಡಲ್ಲಿ ಇರೋದು ಸ್ಕೂಲಲ್ಲಿ ಮಾಡಿದ್ದು. ತಾರೀಕು ಬೇರೆ ಹಾಕಿದೀನಿ. ಅವತ್ತು ಆಗ್ಲಿಲ್ಲ.”

“ಅದೆಲ್ಲ ಯಾರು ಕೇಳ್ತಾರೆ?”

“ಯಾರೂ ಕೇಳಲ್ಲ. ಆದ್ರೂ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ.”

ಹೇಳಿ, ಇಂಥವಳ ಜೊತೆ ಏನು ಮಾಡುವುದು? ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅದಕ್ಕೇ ನನಗೆ ತಲೆ ಕೆಟ್ಟದ್ದು. ತಪ್ಪಿದ್ದರೆ ಎರಡು ಮಾತಿನಲ್ಲಿ ತಿದ್ದಬಹುದಿತ್ತು.

ನಾವೆಲ್ಲ ಈ ವೀಕ್ಷಣೆಯ ಕಾಲಮ್ಮನ್ನು ಹೇಗೆ ತುಂಬುತ್ತಾ ಬದುಕಿದ್ದೇವೆ, ಸ್ವಲ್ಪ ಯೋಚನೆ ಮಾಡಿ. ನಮ್ಮ ರಸ್ತೆಯ ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ ಎಂದು ಹೇಳಲು ಹೋದರೆ ಗುಮಾಸ್ತರು ರಿಜಿಸ್ಟರು ತೆಗೆದು “ಬಿಟ್ಟಿದೀವಲ್ಲಮ್ಮ, ಇಲ್ಲಿ ಬರೆದಿದೆ” ಎನ್ನುತ್ತಾರೆ. ನಾನು ಖಾಲಿ ಕೊಡ ಹಿಡಿದು ನಿಂತಿದ್ದರೂ ಅವರು ಪುಸ್ತಕವನ್ನೇ ನಂಬುತ್ತಾರೆ. ನಮ್ಮ ಯಜಮಾನರ ಆಫೀಸಿನ ಹಾಜರಿ ಪುಸ್ತಕದ ಪ್ರಕಾರ ಸಿಟಿ ಬಸ್ಸು ಒಂದು ದಿನವೂ ತಡವಾಗಿಲ್ಲ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟು ಮಾಡಿದ್ದು ಯಾರು, ಮಾಡಿದವಳು ಎಂದು ಹೇಳುವುದು ಯಾರನ್ನು? ಏನಾಯಿತು ಎಂದು ಯಾರಿಗೂ ಬೇಡ. ಏನಾಗಬೇಕಿತ್ತೋ ಅದನ್ನು ದುಂಡಗೆ ಬರೆದರೆ ಎಲ್ಲರಿಗೂ ನೆಮ್ಮದಿ.

ಹೀಗೆಲ್ಲ ಅಂಕಣದಲ್ಲಿ ಬರೆಯುವುದು ಸುಲಭ. ಭಾನುವಾರ ಸಂಜೆ ಆರು ಗಂಟೆಗೆ, ಎದುರಿಗೆ ಸಹಿಯಿಲ್ಲದ ರೆಕಾರ್ಡು ಇಟ್ಟುಕೊಂಡು ಹುಡುಗಿ ಕೂತಿರುವಾಗ, ತಾಯಿಯಾದವಳು ಏನು ಮಾಡಬೇಕು? ಒಂದು ವರ್ಷ ಹೋದರೆ? ‘ಇನ್ನು ಓದಿದ್ದು ಸಾಕು’ ಎಂದು ಯಾರಾದರೂ ಬಾಯಿ ತೆರೆದರೆ? ಹೆಣ್ಣುಮಕ್ಕಳ ಓದು ನಿಲ್ಲಿಸಲು ನಮ್ಮ ಜನಕ್ಕೆ ಎಷ್ಟು ದೊಡ್ಡ ಕಾರಣ ಬೇಕು?

ನನಗೆ ಹೆದರಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಹೆದರಿ ಕೂಗಾಡಿದೆ.

“ದೊಡ್ಡ ಹರಿಶ್ಚಂದ್ರನ ಮೊಮ್ಮಗಳು ನೀನು! ಒಂದು ಲೋಟ ನೀರಿಗೋಸ್ಕರ ಕಾಲೇಜು ಕಳ್ಕೋತೀಯಾ? ಬರಿಯೇ. ನನ್ನ ಮೇಲೆ ಆಣೆ, ಬರಿ!”

ಆಣೆ ಹಾಕಬಾರದಿತ್ತು. ಬಾಯಿಂದ ಬಂದುಹೋಯಿತು.

ವನಜ ಅಳಲಿಲ್ಲ. ವಾದ ಮಾಡಲೂ ಇಲ್ಲ. ಪೆನ್ನಿಗೆ ಶಾಯಿ ತುಂಬಿದಳು, ಹೊಸ ಪುಟ ತಿರುವಿದಳು, ಚಿತ್ರ ಬರೆದಳು, ‘ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಯಿತು’ ಎಂದು ಬರೆದಳು. ಎರಡೇ ನಿಮಿಷದ ಕೆಲಸ. ಹದಿನೈದು ದಿನ ದೊಡ್ಡವರು ತಲೆ ಚಚ್ಚಿಕೊಂಡದ್ದು ಇಷ್ಟಕ್ಕಾಗಿ.

ಸೋಮವಾರ ಸಹಿ ಬಿತ್ತು. ಪಕ್ಕದಲ್ಲಿ ‘ಗುಡ್’ ಎಂದೂ ಇತ್ತು. ಮಂಗಳವಾರ ಅರ್ಜಿ ಹೋಯಿತು. ಮಾವನವರು “ನಾನು ಹೇಳ್ಲಿಲ್ವಾ, ರೂಲ್ಸು ಸರಿಯಾಗಿದ್ರೆ ಕೆಲಸ ಸಲೀಸು” ಎಂದರು. ನಾನು ದೇವರಿಗೆ ಎರಡು ತುಪ್ಪದ ದೀಪ ಹಚ್ಚಿದೆ. ಎಲ್ಲ ಸುಖಾಂತ ತಾನೇ? ನಾನೂ ಹಾಗೆಂದೇ ಎರಡು ದಿನ ಓಡಾಡಿಕೊಂಡಿದ್ದೆ.

ಮೊನ್ನೆ ಗುರುವಾರ ಸಂಜೆ ಬತ್ತಿ ಹೊಸೆಯುತ್ತಾ ಕೂತಿದ್ದೆ. ವನಜ ಎದುರಿಗೆ ಚಾಪೆಯ ಮೇಲೆ ರೆಕಾರ್ಡ್ ಹರಡಿಕೊಂಡು ಬರೆಯುತ್ತಿದ್ದಳು. ಗಂಧಕದ ಪಾಠ. ಗಂಧಕ ಉರಿಸಿದ ಹೊಗೆಗೆ ಒದ್ದೆ ಮಾಡಿದ ಕೆಂಪು ಹೂವನ್ನು ಹಿಡಿದರೆ ಬಣ್ಣ ಹೋಗುತ್ತದಂತೆ. ಬಗ್ಗಿ ನೋಡಿದೆ. ‘ಹೂವು ಬಣ್ಣ ಕಳೆದುಕೊಂಡು ಬಿಳಿಯಾಯಿತು’ ಎಂದು ಬರೆದಾಗಿತ್ತು. ಅಕ್ಷರ ಮುತ್ತಿನ ಹಾಗಿತ್ತು.

“ಚೆನ್ನಾಗಿ ಕಾಣಿಸ್ತಾ? ಯಾವತ್ತು ತೋರಿಸಿದ್ರು?” ಎಂದೆ.

“ನಾಳೆ ತೋರಿಸ್ತಾರೆ.”

ನನ್ನ ಕೈ ನಿಂತಿತು. “ನಾಳೆನಾ? ಹೂವು ಬೆಳ್ಳಗೆ ಆಗದೇ ಇದ್ರೆ?”

“ಆಗತ್ತಮ್ಮ,” ಎಂದಳು ವನಜ, ತಲೆ ಎತ್ತದೆ. “ಆಗದೇ ಇದ್ರೂ ಆಗತ್ತೆ.”