ಟ್ರಂಪೆಟ್ ಮಾಸ್ತರರ ಭಾನುವಾರಗಳು

ಮೊದಲ ಪಾಠಕ್ಕೆ ನಾನು ಎಲೆಕ್ಟ್ರಾನಿಕ್ ತಂಬೂರಿ ಹೊತ್ತುಕೊಂಡು ಹೋಗಿದ್ದೆ. ಜಾಝ್ ಕಲಿಯಲು ತಂಬೂರಿ! ಆದರೆ ಅಂಕೋಲೆಯಲ್ಲಿ ವರ್ಷಗಟ್ಟಲೆ ಹಿಂದುಸ್ತಾನಿ ಕಲಿತವಳಿಗೆ ಷಡ್ಜ ಕೇಳಿಸದೆ ಬಾಯಿ ತೆರೆಯುವುದೆಂದರೆ ಚಪ್ಪಲಿಯಿಲ್ಲದೆ ಮೇ ತಿಂಗಳ ಡಾಂಬರು ರಸ್ತೆಗೆ ಇಳಿದ ಹಾಗೆ. ಕಾರವಾರದ ಮಾಸ್ತರರು ಅದರ ಸ್ವಿಚ್ಚು ಆರಿಸಿದರು.

"ಇದು ಒಂದೇ ಕಡೆ ಕೂತಿರ್ತದೆ ತಂಗಿ. ನಮ್ಮ ಹಾಡು ಓಡಾಡ್ತದೆ."

ಒಳಗಿನಿಂದ ಅವರ ಹೆಂಡತಿ ನಗುತ್ತಲೇ ಚಹಾ ತಂದುಕೊಟ್ಟರು.

ಎರಡು ಸಾವಿರದ ದಶಕದ ಆರಂಭದ ಮಾತಿದು. ನಾನಾಗ ಹಟ್ಟಿಕೇರಿಯ ಮನೆಯಿಂದ ಹತ್ತಿರದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಮಾಸ್ತರರು ಬೊಂಬಾಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದವರು. ಕಾಲೇಜಿನ ದಿನಗಳಲ್ಲಿ ಗೆಳತಿಯೊಬ್ಬಳ ಮದುವೆಯಲ್ಲಿ ಅವರ ಟ್ರಂಪೆಟ್ ಕೇಳಿದ್ದೆ. ಕೈಯಲ್ಲಿದ್ದ ಐಸ್‌ಕ್ರೀಮು ಕರಗಿ ಹೊಸ ಸೀರೆಯ ಮೇಲೆ ಸುರಿದದ್ದೂ ನನಗೆ ತಿಳಿದಿರಲಿಲ್ಲ. ಒಮ್ಮೆಯಾದರೂ ಇವರ ಟ್ರಂಪೆಟ್ಟಿನ ಜೊತೆ ಹಾಡಬೇಕೆಂಬ ಹುಚ್ಚು ಹತ್ತಿದ್ದು ಅಂದೇ.

ನಾನು ಅವರ ಬಾಗಿಲು ತಟ್ಟುವಷ್ಟರಲ್ಲಿ ಮಾಸ್ತರರ ಮುಂದಿನ ಹಲ್ಲುಗಳು ಬಿದ್ದು, ಹಲ್ಲಿನ ಸೆಟ್ಟು ಬಂದಿತ್ತು. ತುಟಿ ಬಿಗಿಹಿಡಿದು ಊದಲು ಹಲ್ಲಿನ ಆಸರೆ ಬೇಕು. ಸೆಟ್ಟು ಅಲುಗಿದರೆ ಸ್ವರವೂ ಅಲುಗುತ್ತದೆ. ಟ್ರಂಪೆಟ್ ಪೆಟ್ಟಿಗೆಯೊಳಗೆ ಸೇರಿ ಕಪಾಟಿನ ಮೇಲೆ ಕೂತಿತ್ತು.

"ಹಾಡಲಿಕ್ಕೆ ಕಲಿಸ್ತೇನೆ. ಊದಿ ಅಂತ ಮಾತ್ರ ಹೇಳ್ಬೇಡ," ಎಂದು ಮೊದಲೇ ಕರಾರು ಹಾಕಿದರು. ಒಪ್ಪಿದೆ. ಒಪ್ಪಿದವಳು ಪ್ರತಿ ವಾರವೂ ಕೇಳುತ್ತಲೇ ಇದ್ದೆ.

ಭಾನುವಾರ ಅವರ ಚರ್ಚಿನ ಪೂಜೆ, ಮೀನೂಟ ಎಲ್ಲ ಮುಗಿದ ಮೇಲೆ ನಮ್ಮ ಪಾಠ. ಟ್ರಂಪೆಟ್ ನುಡಿಯಬೇಕಾದ್ದನ್ನು ಅವರು "ಡೂ ಬಾ ಡೂ" ಎಂದು ಬಾಯಲ್ಲೇ ನುಡಿಸುವರು, ನಾನು ಅನುಸರಿಸಬೇಕು. ಹಾಡಿನಲ್ಲಿ ಚೂರು ಬಿಡುವು ಸಿಕ್ಕರೆ ಅಲ್ಲೊಂದು ಮುರ್ಕಿ, ಸ್ವರಗಳ ಚುಟುಕು ಸುರುಳಿ, ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಮಾಸ್ತರರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಎಂತಕ್ಕೆ ತುಂಬಿಸ್ತೀ? ಅಲ್ಲಿ ಬೇರೆಯವ್ರು ಬರೂದಿದೆ."

"ಯಾರು ಬರೂದು ಮಾಸ್ತರೇ? ನೀವಂತೂ ಊದೂದಿಲ್ಲ."

ಅವರು ಮೇಜಿನ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತ, ನಾನು ಸುಮ್ಮನಿರಬೇಕಾದಷ್ಟು ಹೊತ್ತನ್ನು ತೋರಿಸುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು. ಬರಬರುತ್ತ ಆ ಸುಮ್ಮನಿರುವಿಕೆಯೇ ರುಚಿಸತೊಡಗಿತು. ಮರಳುವಾಗ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಗುನುಗುತ್ತ, ಥಟ್ಟನೆ ನಿಲ್ಲಿಸುತ್ತ ಸಾಧನೆ ಮಾಡುತ್ತಿದ್ದೆ. ಅಮದಳ್ಳಿ ದಾಟುವಾಗ ಕಂಡಕ್ಟರನೊಬ್ಬ ಹತ್ತಿರ ಬಂದು, "ಅಕ್ಕೋರೇ, ಹುಷಾರಿಲ್ವಾ?" ಎಂದು ಕೇಳಿದ್ದ. ಮನೆಯಲ್ಲಿ ಅಮ್ಮನದು ಬೇರೆಯೇ ರಾಗ: "ಎಂತಾ ಹಾಡೇ ಅದು, ಕೋಳಿ ಕರ್ದಂಗೆ!" ಅವಳ ಬೈಗುಳದಲ್ಲೂ ನಾನು ಖುಷಿಯಾಗಿದ್ದೆ.

ಮರುವರ್ಷ ಕಾರವಾರದಲ್ಲೇ ಮಾಸ್ತರರ ತಮ್ಮನ ಮಗಳ ಮದುವೆ. ಸಂಜೆಯ ರಿಸೆಪ್ಷನ್ನಿಗೆ ಡ್ರಮ್ಸು, ಗಿಟಾರಿನ ಸಣ್ಣ ಬ್ಯಾಂಡು ಬಂದಿತ್ತು. ನಾನೊಂದು ಹಳೆಯ ಇಂಗ್ಲಿಷ್ ಹಾಡು ಹಾಡುವುದೆಂದಾಗಿತ್ತು. ನೀವೂ ಊದಲು ಬನ್ನಿ ಎಂದು ಮಾಸ್ತರರನ್ನು ಗೋಗರೆದೆ. "ಊಟಕ್ಕೆ ಬರ್ತೇನೆ," ಎಂದರು. ಆದರೆ ಅವರ ಹೆಂಡತಿ ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿ ತಂದು ತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದರು. ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ಮೊದಲ ಚರಣ ಹಾಡಿ ಜಾಗ ಬಿಟ್ಟೆ. ಡ್ರಮ್ಸು, ಗಿಟಾರು ಸಾಗುತ್ತಿದ್ದವು, ಅವುಗಳ ಮೇಲೆ ಏನೂ ಇಲ್ಲ. ಹಾಡುವವಳಿಗೆ ಸಾಲು ಮರೆತಿದೆಯೆಂದು ಜನ ಕತ್ತೆತ್ತಿ ನೋಡಿದರು. ಮಾಸ್ತರರು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಎರಡನೆಯ ಚರಣ ಹಾಡಿ ಮತ್ತೆ ಬಿಟ್ಟೆ. ಗಂಟಲಿಗೆ ಬಂದ ಮುರ್ಕಿಯನ್ನು ನುಂಗಿಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ತಟ್ಟೆ ತೆಗೆದು ಬದಿಗಿಟ್ಟು, ಪೆಟ್ಟಿಗೆಯನ್ನು ಗಂಡನ ತೊಡೆಯ ಮೇಲಿಟ್ಟರು.

ಮೂರನೆಯ ಬಾರಿ ಜಾಗ ಬಿಡುವಾಗ ಮಾಸ್ತರರು ವೇದಿಕೆಯ ಕೆಳಗೆ ಬಂದು, ಜನರಿಗೆ ಬೆನ್ನು ಹಾಕಿ, ನನಗೆ ಎದುರಾಗಿ ನಿಂತಿದ್ದರು. ಮೊದಲ ಸ್ವರ ಒಡೆಯಿತು. ಯಾರೋ ಕಿಸಕ್ಕೆಂದರು. ಮಾಸ್ತರರಿಗೂ ನಗು ಬಂತು. ಸೆಟ್ಟನ್ನು ನಾಲಗೆಯಿಂದ ಸರಿಮಾಡಿಕೊಂಡು ಕೆಳಗಿನ ಸ್ವರಗಳಲ್ಲಿ ಮೆಲ್ಲಗೆ, ತುಂಡುತುಂಡಾಗಿ ನುಡಿಸತೊಡಗಿದರು. ತುಟಿಯಂಚಿನಿಂದ ಗಾಳಿ ಸೋರುವುದು ನನಗೆ ಕೇಳಿಸುತ್ತಿತ್ತು. ಅಂದು ಕಾಲೇಜು ಹುಡುಗಿ ಕೇಳಿದ ಟ್ರಂಪೆಟ್ ಇದಲ್ಲ. ಅದಕ್ಕಿಂತಲೂ ಇದು ನನಗೆ ಇಷ್ಟವಾಯಿತು. ಸಂತೋಷಕ್ಕೆ ಕಣ್ಣು ತುಂಬಿ ಬಂತು, ಮೈಕು ಹಿಡಿದು ಸುಮ್ಮನೆ ಕೇಳುತ್ತ ನಿಂತೆ.

ಅವರ ಸರದಿ ಮುಗಿಯಿತು. ಅವರು ಇನ್ನೊಂದು ಸುತ್ತು ನುಡಿಸಿದರು. ಮುಖ ಕೆಂಪೇರಿತು, ಹಣೆ ಬೆವರಿತು, ಆದರೂ ಮತ್ತೊಂದು ಸುತ್ತು. ಕೊನೆಗೆ ಟ್ರಂಪೆಟ್ ಬಾಯಿಂದ ಕಿತ್ತು, ಮದುವೆ ಮನೆಯೆಲ್ಲ ಕೇಳುವಂತೆ ಕೂಗಿದರು:

"ಹಾಡೇ ಮಾರಾಯ್ತಿ! ಕೇಳ್ತಾ ನಿಂತ್ಯಲ್ಲ! ನಂಗೆ ಇನ್ನು ಉಸಿರಿಲ್ಲ!"