ಅಪ್ಪ ಉಣ್ಣಲೆಂದು ಸಿಂಗರಿಸಿದ ಖೋಲಿ

ಈಗಿನ ಹುಡುಗಿಯರು ಹೊಸ ಮನೆ ಮಾಡಿದಾಗ ನನ್ನ ಹತ್ತಿರ ಬಂದು ಕೂಡುತ್ತಾರೆ. ಊಟದ ಕೋಣೆಗೆ ಯಾವ ಬಣ್ಣ ಹಚ್ಚಿಸಬೇಕು, ಟೇಬಲ್ಲು ದುಂಡಗಿದ್ದರೆ ಚೆಂದವೋ ಉದ್ದಕ್ಕಿದ್ದರೆ ಚೆಂದವೋ, ಪರದೆ ಎಂಥದು ಹಾಕಬೇಕು ಎಂದು ಕೇಳುತ್ತಾರೆ. ಓಣಿಯಲ್ಲಿ ನನ್ನ ಕೈಕೆಲಸಕ್ಕೆ ಇನ್ನೂ ಸ್ವಲ್ಪ ಹೆಸರಿದೆ, ಅದಕ್ಕೆ. ಅಲ್ಲಿ ಕೂತು ಉಣ್ಣುವವರು ಯಾರು, ಅದನ್ನು ಮೊದಲು ಹೇಳಿರಿ ಎನ್ನುತ್ತೇನೆ. "ಯಾರ ಬರ್ತಾರ ಅವರು ಉಣ್ಣತಾರ್ರಿ, ಅದೇನು ಕೇಳ್ತೀರಿ" ಎಂದು ನಗುತ್ತಾರೆ. ನಾನು ಮಾತು ಬೆಳೆಸುವುದಿಲ್ಲ. ನಾನು ಒಬ್ಬನೇ ಒಬ್ಬ ಮನುಷ್ಯ ಬಂದು ಉಣ್ಣಲೆಂದು ಒಂದು ಖೋಲಿಯನ್ನು ಎಂಟು ವರ್ಷ ಸಿಂಗರಿಸಿದವಳು. ಆ ಮನುಷ್ಯ ನನ್ನ ಅಪ್ಪ.

ಐವತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಮದುವೆಯಾಯಿತು. ತವರು ಬಬಲೇಶ್ವರ, ಅತ್ತೆಯ ಮನೆ ತಿಕೋಟಾ. ಗಂಡನಿಗೆ ವಿಜಾಪುರದಲ್ಲಿ ಕಚೇರಿಯ ಗುಮಾಸ್ತಿಕೆ, ಹಾಗಾಗಿ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಮುಂದೆ ಪಡಸಾಲೆ, ಹಿಂದೆ ಅಡಿಗೆ ಮನೆ, ನಡುವೆ ಒಂದು ಖೋಲಿ. ಗೋಡೆಯ ಆಚೆ ಮನೆಯೊಡತಿ ಇದ್ದಳು. ಗಂಡ ಸತ್ತು, ಮಕ್ಕಳು ದೂರವಿದ್ದು, ಜಗತ್ತಿನ ಉಸಾಬರಿಯೆಲ್ಲ ತನ್ನದೇ ಎಂದುಕೊಂಡಿದ್ದ ಮುದುಕಿ. ನಾನು ಅವಳನ್ನು ಆಯಿ ಎಂದು ಕರೆಯುತ್ತಿದ್ದೆ.

ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದ ಮದುವೆಯಾಗುವವರೆಗೂ ನನಗೆ ಉಣ್ಣಲು ನೀಡಿದವನು ಅಪ್ಪ. ಹೊಲದಿಂದ ಬಂದು, ಕಾಲಿನ ಮಣ್ಣು ತೊಳೆದು, ತಾನೇ ರೊಟ್ಟಿ ಬಡಿದು, ಮೊದಲ ರೊಟ್ಟಿಯನ್ನು ಬಿಸಿ ಇದ್ದಾಗಲೇ ಮುರಿದು ನನ್ನ ಗಂಗಾಳಕ್ಕೆ ಹಾಕುತ್ತಿದ್ದ. ಅವನ ರೊಟ್ಟಿ ಎಂದೂ ದುಂಡಗೆ ಬಂದದ್ದಿಲ್ಲ. ಮದುವೆಯಾಗಿ ನನ್ನದೇ ಒಲೆ ಹೂಡಿದ ದಿನ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅಪ್ಪನನ್ನು ಕೂಡಿಸಿ ನಾನು ನೀಡಬೇಕು.

ಆದರೆ ನಮ್ಮಲ್ಲಿ ಒಂದು ಪದ್ಧತಿ. ಮಗಳ ಮಡಿಲಿಗೆ ಕೂಸು ಬರುವವರೆಗೆ ಹೆತ್ತವರು ಅವಳ ಮನೆಯಲ್ಲಿ ಉಣ್ಣುವಂತಿಲ್ಲ, ನೀರೂ ಮುಟ್ಟುವಂತಿಲ್ಲ. ಬೇರೆಯವರು ಇದನ್ನು ಅಷ್ಟಿಷ್ಟು ಸಡಿಲ ಮಾಡಿಕೊಳ್ಳುತ್ತಿದ್ದರು. ಅಪ್ಪ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ತಿಂಗಳಿಗೆ ಎರಡು ಸಲ ಪೇಟೆಗೆಂದು ಬಬಲೇಶ್ವರದಿಂದ ಬರುವನು. ನನ್ನ ಬಾಗಿಲ ಎದುರಿನ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು, ಊರಿಂದ ತಂದ ಬುತ್ತಿ ಬಿಚ್ಚಿ ಉಂಡು, ಓಣಿಯ ನಳದಲ್ಲಿ ನೀರು ಕುಡಿದು, ನನ್ನ ಸುಖದುಃಖ ಕೇಳಿಕೊಂಡು ಹೋಗುವನು.

"ಯಪ್ಪಾ, ಒಳಗರ ಬಾ" ಎಂದರೆ, "ಕೂಸು ಬರಲಿ ಯವ್ವಾ. ಆಮ್ಯಾಗ ನೀ ಬ್ಯಾಡಂದ್ರೂ ಬಂದು ಕುಂದರತೇನಿ" ಎನ್ನುತ್ತಿದ್ದ.

ಅವನ ಹಟ ಅವನಿಗೆ, ನನ್ನ ಹಟ ನನಗೆ. ಅದು ಅವನಿಂದಲೇ ಬಂದದ್ದು. ಪದ್ಧತಿಯನ್ನು ಬಾಯಿಂದ ಗೆಲ್ಲಲಾಗದು, ಆ ಖೋಲಿಯನ್ನು ಎಷ್ಟು ಚೆಂದ ಮಾಡಬೇಕೆಂದರೆ ನೋಡಿದವನಿಗೆ ಹೊರಗೆ ಕೂಡಲು ಮನಸ್ಸೇ ಬರಬಾರದು ಎಂದುಕೊಂಡೆ. ಹದಿನೆಂಟರ ಹುಡುಗಿಯ ಬುದ್ಧಿ. ನಡುವಿನ ಖೋಲಿಯಲ್ಲಿ ಆಯಿಯ ಜೋಳದ ಚೀಲಗಳಿದ್ದವು. ಅವಳ ಬೆನ್ನು ಹತ್ತಿ, ಕಾಡಿ ಬೇಡಿ, ಚೀಲಗಳನ್ನು ಅವಳ ಕಡೆಗೆ ಸಾಗಿಸಿದೆ. ಗೋಡೆಗೆ ಸುಣ್ಣ ಬಳಿದೆ. ಸುಣ್ಣದಲ್ಲಿ ಒಂದು ಚಿಟಿಕೆ ನೀಲಿ ಬೆರೆಸಿದರೆ ಖೋಲಿ ತಂಪಾಗಿ ಕಾಣುತ್ತದೆ. ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದು, ಪಟ್ಟೆಯ ಅಂಚಿಗೆ ಬಿಳಿ ಚುಕ್ಕೆ ಇಟ್ಟೆ. ಗೋಡೆಯಲ್ಲಿದ್ದ ಮಾಡವನ್ನು ಸಾರಿಸಿ, ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆ ತಂಬಿಗೆಯನ್ನು ಅದರೊಳಗೆ ಇಟ್ಟೆ. ಸುಣ್ಣ ತಿಂದು ನನ್ನ ಕೈಯೆಲ್ಲ ಬಿರಿದಿತ್ತು.

ಆ ಸಲ ಅಪ್ಪ ಬಂದಾಗ ತಲೆಬಾಗಿಲನ್ನೂ ಪಡಸಾಲೆಯ ಕಡೆಗಿನ ಕಿಟಕಿಯನ್ನೂ ಅಗಲಕ್ಕೆ ತೆಗೆದಿಟ್ಟೆ. ಕಟ್ಟೆಯಿಂದ ಖೋಲಿ ಪೂರಾ ಕಾಣುತ್ತಿತ್ತು. ಬೇಕೆಂದೇ ಆ ಹೊತ್ತಿಗೆ ಸರಿಯಾಗಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಅಪ್ಪ ಬುತ್ತಿಯ ರೊಟ್ಟಿ ಮುರಿಯುತ್ತ, ಮುಖ ಆ ಕಡೆ ತಿರುಗಿಸಿ, "ಒಗ್ಗರಣಿ ಭಾಳ ಘಮ್ ಅನ್ನಾಕತ್ತೈತಿ. ಕಿಡಕಿ ಹಾಕವ್ವಾ, ನನಗ ನನ್ನ ರೊಟ್ಟಿ ಸಪ್ಪಗ ಹತ್ತಾಕತ್ತೈತಿ" ಎಂದ. ನಾನು ಕಿಟಕಿಯನ್ನು ಧಡಾರನೆ ಹಾಕಿ, ಒಳಗೆ ಕೂತು ಅತ್ತೆ.

ಎರಡನೆಯ ವರ್ಷ ಸೊಲ್ಲಾಪುರ ರಸ್ತೆಯ ಬಡಿಗನ ಹತ್ತಿರ ಹೋಗಿ, ಗಂಗಾಳ ಇಡುವ ಅಡ್ಡಣಿಗೆ ಮಾಡಿಸಿದೆ. ಎಲ್ಲರ ಮನೆಯಲ್ಲೂ ಇರುವಂಥ ಮೂರು ಕಾಲಿನದೇ, ಆದರೆ ಇನ್ನೊಂದು ಗೇಣು ಎತ್ತರ ಇರಬೇಕೆಂದೆ, ಅಪ್ಪನಿಗೆ ಸೊಂಟ ಬಗ್ಗುತ್ತಿರಲಿಲ್ಲ. ಬಡಿಗ ಅಳತೆ ನೋಡಿ, "ಯಾರು ಉಣ್ಣೂದ್ರಿ ಇದರ ಮ್ಯಾಲ, ಒಂಟಿ ಏನರ ಸಾಕೀರೇನು?" ಎಂದು ಕೇಳಿದ. ಹೌದು, ಒಂಟೆಯೇ, ಹಟದಲ್ಲಿ ಒಂಟೆ ಎಂದೆ. ಕೂಡಲು ಅವ್ವನ ಹಳೆಯ ಸೀರೆಗಳನ್ನು ಮಡಚಿ ಕೌದಿ ಹೊಲಿದೆ. ಅವು ಅಪ್ಪ ತಾನಾಗಿ ನನ್ನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ ಸೀರೆಗಳು. ಅವನು ಅವುಗಳ ಮೇಲೆ ಕೂತು ಉಣ್ಣುವುದನ್ನು ನೆನೆಸಿಕೊಂಡೇ ಒಂದೊಂದು ಹೊಲಿಗೆ ಹಾಕಿದೆ.

ಆಗ ಓಣಿಯಲ್ಲಿ ಎಲ್ಲರೂ ಬಟ್ಟೆಯ ಮೇಲೆ ಬಣ್ಣದ ದಾರದಿಂದ ಅಕ್ಷರ ತೆಗೆದು, ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ನಾನೂ ಎರಡು ತಿಂಗಳು ಕಣ್ಣು ಕೆಡಿಸಿಕೊಂಡು 'ಸುಸ್ವಾಗತ' ಎಂದು ತೆಗೆದೆ. ಗಂಡ ಶನಿವಾರ ಹೊನವಾಡದ ಬಸ್ಸು ಹಿಡಿದು ತಿಕೋಟಾಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು.

"ಚಲೋ ಆಗೇತಿ. ನಿಮ್ಮಪ್ಪಗ ಯಾರು ಓದಿ ಹೇಳಾವರು?"

ಅಪ್ಪನಿಗೆ ಅಕ್ಷರ ಬರುವುದಿಲ್ಲ ಎನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ! ಸಿಟ್ಟು ಬಂತು, ನಗುವೂ ಬಂತು. ಅದನ್ನು ತೆಗೆದು ಪಡಸಾಲೆಗೆ ಹಾಕಿ, ಖೋಲಿಯ ಗೋಡೆಗೆ ಎರಡು ಗಿಳಿ ಮತ್ತು ಒಂದು ಜೋಳದ ತೆನೆಯ ಕಸೂತಿ ತೆಗೆದೆ. ತೆನೆ ಓದಲು ಅವನಿಗೆ ಯಾರ ಸಹಾಯವೂ ಬೇಡ.

ಮೂರು ವರ್ಷವಾಯಿತು. ಕೂಸಿನ ಸುದ್ದಿ ಇಲ್ಲ. ತಿಕೋಟಾದಲ್ಲಿ ಅತ್ತೆ ಮಗನಿಗೆ ಇನ್ನೊಂದು ಮದುವೆಯ ಮಾತು ತೆಗೆದಿದ್ದಾರೆಂದು ಯಾರೋ ಹೇಳಿದರು. ಗಂಡ ಮಾತ್ರ ನನ್ನೆದುರು ಅದರ ಸುದ್ದಿ ಎತ್ತಲಿಲ್ಲ. ನಾನು ಖೋಲಿಗೆ ಇನ್ನೊಂದು ಸಲ ಸುಣ್ಣ ಬಳಿದೆ. ಆಯಿ ಹೊಸ್ತಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತ ನೋಡುತ್ತಿದ್ದಳು.

"ಅಲ್ಲಬೇ, ಈ ಮನಿ ಯಾರದು?" ಎಂದಳು.

"ನಿಮ್ಮದು."

"ಗ್ವಾಡಿ ಯಾರದು?"

"ನಿಮ್ಮದ್ರಿ."

"ಮತ್ತ ನಾ ಕರದು, ನನ್ನ ಒಲಿಮ್ಯಾಲ ಅಡಿಗಿ ಮಾಡಿ, ನಾ ನೀಡಿದ್ರ, ನಿಮ್ಮಪ್ಪ ನನ್ನ ಮನ್ಯಾಗ ಉಂಡಂಗ ಆತು. ನೀ ಬಾಡಗಿ ಇರಾಕಿ. ನಿನಗೇನು ಸಂಬಂಧ?"

ಅಪ್ಪ ಚಾಪೆ ಕೆಳಗೆ ತೂರಿದರೆ ಈಕೆ ರಂಗೋಲಿ ಕೆಳಗೆ ತೂರುವವಳು. ಮುಂದಿನ ಸಲ ಅಪ್ಪ ಬಂದಾಗ ಕಟ್ಟೆಯ ಎದುರು ಸೊಂಟದ ಮೇಲೆ ಕೈ ಇಟ್ಟು ನಿಂತು ಇದನ್ನೇ ಹೇಳಿದಳು. ಅಪ್ಪ ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ವಿಚಾರ ಮಾಡಿದ. ಆಮೇಲೆ ಎದ್ದು, ಕಾಲು ತೊಳೆದುಕೊಂಡು, ಒಳಗೆ ಬಂದ.

ನಾನು ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಿದ್ದೆ. ಆಯಿಯ ಅಪ್ಪಣೆಯಾಗಿತ್ತು: ನೀ ಹೊರಗೆ ಬರಬಾರದು, ಚಮಚ ಮುಟ್ಟಬಾರದು. ಬಿರುಕಿನಿಂದ ನೋಡಿದೆ. ಅಪ್ಪ ಕೌದಿಯ ಮೇಲೆ ಕೂಡುವ ಮೊದಲು ಅದನ್ನು ಅಂಗೈಯಿಂದ ಒಮ್ಮೆ ಸವರಿದ. ಗುರುತು ಹಿಡಿದ. ಗೋಡೆ ನೋಡಿದ, ಮಾಡ ನೋಡಿದ, ತೆನೆ ನೋಡಿದ.

"ಅಕ್ಕಾರ, ಖೋಲಿ ಭಾಳ ಚಂದ ಇಟ್ಟೀರಿ" ಎಂದ, ಆಯಿಯ ಕಡೆ ತಿರುಗಿ. "ಈ ಕಸೂತಿ ಯಾರ ಹಾಕ್ಯಾರ್ರಿ?"

"ನಮ್ಮ ಬಾಡಗಿಯಾಕಿ. ಕೈ ಚಲೋ ಐತಿ, ಬಾಯಿ ಅಷ್ಟ ಸುಮಾರು."

"ಅಪ್ಪನ ಮ್ಯಾಲ ಹೋಗಿರಬೇಕು ಬಿಡ್ರಿ" ಎಂದು ಅಪ್ಪ ನಕ್ಕ. ಆಯಿಗೆ ಹೇಳಿದ ಮಾತುಗಳೆಲ್ಲ ನನಗೇ ಎಂದು ಗೊತ್ತಿತ್ತು. ಬಾಗಿಲ ಹಿಂದೆ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆದರೆ ಅಪ್ಪನ ಗಂಗಾಳದಲ್ಲಿ ಪಲ್ಯ ಮುಗಿದಿತ್ತು, ಆಯಿಗೆ ಕಣ್ಣು ಮಂದ, ಅವಳಿಗೆ ಕಾಣಲಿಲ್ಲ. ಅಪ್ಪ ಬರಿಯ ರೊಟ್ಟಿ ತಿನ್ನುತ್ತ ಕೂತ. ಮೂರು ಹೆಜ್ಜೆ ದೂರದಲ್ಲಿ ನಿಂತೂ ನನಗೆ ನೀಡಲು ಆಗಲಿಲ್ಲ. ಆ ಸಂಕಟ ಯಾರಿಗೂ ಬೇಡ.

ಹೀಗೆ ಐದು ವರ್ಷ ನಡೆಯಿತು. ಅಪ್ಪ ಬರುವನು, ಆಯಿ ನೀಡುವಳು, ನಾನು ಬಾಗಿಲ ಹಿಂದೆ. ಖೋಲಿಗೆ ನಾನು ಏನಾದರೂ ಹೊಸದು ಸೇರಿಸುತ್ತಲೇ ಇದ್ದೆ. ಬಾಗಿಲಿಗೆ ಗಾಜಿನ ಮಣಿಯ ತೋರಣ ಪೋಣಿಸಿದೆ, ಕಿಟಕಿಗೆ ಗುಳೇದಗುಡ್ಡದ ಖಣದ ಪರದೆ ಹೊಲಿದೆ. ಅಪ್ಪ ಪ್ರತಿಯೊಂದನ್ನೂ ಆಯಿಗೆ ಹೊಗಳುತ್ತಿದ್ದ. ಹೋಗುವಾಗ ಕಟ್ಟೆಯ ಹತ್ತಿರ ನಿಂತು ನನ್ನ ಮುಖವನ್ನು ಒಮ್ಮೆ ನೋಡುವನು, ಏನಾದರೂ ಸುದ್ದಿ ಇದೆಯೋ ಎಂದು. ನಾನು ನೆಲ ನೋಡುತ್ತಿದ್ದೆ. "ಆಕ್ಕೈತಿ ತಗೋ, ಅವಸರೇನೈತಿ" ಎನ್ನುವನು. ಆ ಮಾತನ್ನು ಹಿಡಿದುಕೊಂಡು ನಾನು ಮುಂದಿನ ಹದಿನೈದು ದಿನ ಕಳೆಯುತ್ತಿದ್ದೆ. ಅಪ್ಪ ಕಾಯುತ್ತಿದ್ದಾನೆ ಎಂದರೆ ಕೂಸು ಎಲ್ಲೋ ದಾರಿಯಲ್ಲಿದೆ ಎಂದೇ ನನಗೆ ಅನ್ನಿಸುತ್ತಿತ್ತು.

ಎಂಟನೆಯ ವರ್ಷದ ಒಂದು ದಿನ, ಸುಗ್ಗಿ ಮುಗಿದಿತ್ತು. ಅಪ್ಪ ಬಂದು ಕೌದಿಯ ಮೇಲೆ ಕೂತ. ಆಯಿ ರೊಟ್ಟಿಯ ಬುಟ್ಟಿ ತಂದಳು. ಅಪ್ಪ ಅವಳನ್ನು ತಡೆದ.

"ಅಕ್ಕಾರ, ಇವತ್ತ ನೀವು ಕುಂದರ್ರಿ. ನನ್ನ ಮಗಳು ನೀಡಲಿ."

ಆಯಿ ಬುಟ್ಟಿ ಹಿಡಿದು ಹಾಗೇ ನಿಂತಳು. ನಾನು ಬಾಗಿಲು ತಳ್ಳಿ ಓಡಿ ಬಂದೆ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ. ಗೆದ್ದೆ ಎಂದುಕೊಂಡೆ. ಬುಟ್ಟಿಯನ್ನು ಕಸಿದುಕೊಂಡು ರೊಟ್ಟಿ ಹಾಕಿದೆ, ಬದನೆಕಾಯಿ ಎಣ್ಣೆಗಾಯಿ ಹಾಕಿದೆ, ಬೆಣ್ಣೆ ಹಾಕಿದೆ. ಒಂದು ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಹಾಕಿದೆ. ಎಂಟು ವರ್ಷ ನೀಡಲಾಗದ್ದನ್ನೆಲ್ಲ ಒಂದೇ ಊಟಕ್ಕೆ ನೀಡುವವಳ ಹಾಗೆ ಮಾಡಿದೆ. ಅಪ್ಪ ಬೇಡವೆನ್ನಲಿಲ್ಲ.

ಸಾರು ಹಾಕಲು ಬಗ್ಗಿದಾಗ ಆಯಿಯ ಮುಖ ಕಂಡಿತು. ಅವಳು ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಗ ನನಗೆ ತಿಳಿಯಿತು. ನನ್ನ ಕೈ ನಿಂತಿತು.

"ಯಪ್ಪಾ" ಎಂದೆ. "ಕೂಸು ಬರೂತನಾ ನನ್ನ ಕೈಲೆ ಉಣ್ಣಂಗಿಲ್ಲ ಅಂದಿದ್ದಿಯಲ್ಲ."

ಅಪ್ಪ ತಲೆ ಎತ್ತಲಿಲ್ಲ. ರೊಟ್ಟಿಯ ತುಣುಕನ್ನು ಸುಮ್ಮನೆ ಎಣ್ಣೆಗಾಯಿಯಲ್ಲಿ ತಿರುವುತ್ತಿದ್ದ.

"ಆ ಮಾತು ಬಿಡವ್ವಾ" ಎಂದ. "ಚಟ್ನಿ ಹಾಕು."

ಹಾಕಿದೆ. ಅಪ್ಪ ಪೂರಾ ಉಂಡ, ಗಂಗಾಳದಲ್ಲಿ ಒಂದು ಅಗುಳೂ ಬಿಡದೆ. ಕೈ ತೊಳೆದುಕೊಂಡು ಹೊರಟಾಗ ನನ್ನ ಮುಖ ನೋಡಲಿಲ್ಲ. ಸುದ್ದಿ ಕೇಳುವ ಆ ನೋಟ ನನಗೆ ಮತ್ತೆ ಎಂದೂ ಕಾಣಲಿಲ್ಲ.

ಸಂಜೆ ಗಂಡ ಕಚೇರಿಯಿಂದ ಬಂದು ಊಟಕ್ಕೆ ಕೂತರು. ಅಪ್ಪ ನನ್ನ ಕೈಯಲ್ಲಿ ಉಂಡು ಹೋದನೆಂದು ಹೇಳಿದೆ. "ಅಂತೂ ಗೆದ್ದಿ ನೋಡು! ಎಂಟು ವರ್ಷದ ಹಟ" ಎಂದು ನಕ್ಕವರು ನನ್ನನ್ನು ನೋಡಿ ನಗು ನಿಲ್ಲಿಸಿದರು. ಗಂಗಾಳದ ಮುಂದಿನಿಂದ ಉಣ್ಣದೆ ಎದ್ದು ಹೊರಗೆ ಹೋದರು. ಅವರಿಗೂ ತಿಳಿದಿತ್ತು. ನಮಗೆ ಮಕ್ಕಳಾಗಲಿಲ್ಲ.

ಅಪ್ಪ ಇನ್ನೂ ಹಲವು ವರ್ಷ ಬದುಕಿದ್ದ, ಬಂದಾಗಲೆಲ್ಲ ನನ್ನ ಕೈಯಲ್ಲೇ ಉಂಡ. ನಾನು ಬಯಸಿದ್ದು ಅದೇ ಅಲ್ಲವೇ? ಆದರೂ ಅವನು ಓಣಿಯ ತಿರುವಿನಲ್ಲಿ ಕಂಡಾಗ ಪ್ರತಿ ಸಲ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಇವತ್ತಾದರೂ ಹಳೆಯ ಹಟ ಹಿಡಿದು, ಒಳಗೆ ಬರುವುದಿಲ್ಲ, ಕೂಸು ಬರಲಿ ಎಂದಾನೇನೋ ಎಂದು ಕಾಯುತ್ತಿದ್ದೆ. ಅಪ್ಪ ಕಾಲು ತೊಳೆದುಕೊಂಡು ಸೀದಾ ಒಳಗೆ ಬಂದುಬಿಡುತ್ತಿದ್ದ.