ಪಾಡ್ಯದ ಎಲೆ

ನಿಜಾಮರ ಕಾಲದಲ್ಲಿ ನಾನು ಆಳಂದದ ಒಂದು ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಕರಾರು ದೀಪಾವಳಿ ಪಾಡ್ಯದಿಂದ ಪಾಡ್ಯದವರೆಗೆ. ಅವತ್ತು ಪೂಜೆ ಮುಗಿಸಿ ಸಾಹುಕಾರರು ಎಲೆ-ಅಡಿಕೆ ಕೊಡುತ್ತಿದ್ದರು. ತಿಂದವನು ಇನ್ನೊಂದು ವರ್ಷ ಅವರ ಆಳು. ಬಿಡುವವನು ಎಲೆ ಮುಟ್ಟದೆ ಕೈಮುಗಿದರೆ ಸಾಕು, ಅದೇ ನೋಟೀಸು.

ಒಂದು ವರ್ಷ ಜೇವರ್ಗಿಯ ಕಚೇರಿಯಲ್ಲಿ ನನಗೆ ಸರ್ಕಾರಿ ನೌಕರಿ ಸಿಕ್ಕಿತ್ತು. ಖುಷಿಗೆ ಮೂರು ದಿನದಿಂದ ಊಟವೇ ಸೇರಿರಲಿಲ್ಲ. ಪಾಡ್ಯದ ಪೂಜೆಯ ಹೊತ್ತಿಗೆ, ಸಾಹುಕಾರರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ನಿಂತಿದ್ದೆ. ಅವರು ಎಲೆ-ಅಡಿಕೆ ಮುಂದೆ ಹಿಡಿದರು. ಹಿರಿಯರು ಕೊಟ್ಟರಲ್ಲ ಎಂದು ಎರಡೂ ಕೈಯಲ್ಲಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡುಬಿಟ್ಟೆ. ಆಮೇಲೆ ಕರಾರು ನೆನಪಾಯಿತು.

“ನಾ ಬಿಟ್ಟು ಹೊಂಟೇನ್ರಿ, ಜೇವರ್ಗಿಗಿ,” ಎಂದೆ, ತುಂಬಿದ ಬಾಯಲ್ಲೇ.

ಸಾಹುಕಾರರು ನನ್ನ ಉಬ್ಬಿದ ಗಲ್ಲವನ್ನೇ ನೋಡಿದರು. “ನುಂಗಿದೇನಲೇ?”

“ಇಲ್ರಿ.”

“ಹಂಗಾದ್ರ ಲಗೂನ ಹೊರಗ ಹೋಗಿ ಉಗುಳು. ನುಂಗಿದ್ರ ಈ ವರ್ಷ ನಂದು.”

ಓಡಿದೆ. ಅಷ್ಟು ಸಂತೋಷದಿಂದ ಅಂಗಡಿ ಮುಂದಿನ ಗಟಾರಕ್ಕೆ ಯಾರೂ ಉಗುಳಿರಲಿಕ್ಕಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಹುಕಾರರು ನಗುತ್ತಿದ್ದರು.

ಈಗಲೂ ಯಾರಾದರೂ ಎಲೆ-ಅಡಿಕೆ ಕೊಟ್ಟರೆ, ಎಷ್ಟು ದಿನದ ಕರಾರು ಎಂದು ಕೇಳಿಯೇ ಬಾಯಿಗೆ ಹಾಕುತ್ತೇನೆ.